ಹಸುಗೂಸಿನ ಹೃದಯವೂ ಹಡಗು ಕಾರ್ಖಾನೆಯ ಯಂತ್ರವೂ

ಹೋದ ವರ್ಷ ಮಳೆಗಾಲದಲ್ಲಿ ನನ್ನ ತಂಗಿಯ ಮಗಳಿಗೆ ಹೆರಿಗೆಯಾಯಿತು. ಗಂಡುಮಗು, ಮೂರು ಕೇಜಿಗೆ ನೂರು ಗ್ರಾಂ ಕಮ್ಮಿ. ಮಗು ಜೋರಾಗಿ ಅತ್ತಿತು, ಚೆನ್ನಾಗಿ ಹಾಲು ಕುಡಿಯಿತು, ಮೈಬಣ್ಣವೂ ಕೆಂಪಗೆ ಇತ್ತು. ಮಾರನೆಯ ದಿನ ಸ್ಟೆತಸ್ಕೋಪ್ ಇಟ್ಟು ನೋಡಿದ ಡ್ಯೂಟಿ ಡಾಕ್ಟರು "ಸಣ್ಣದೊಂದು ಮರ್ಮರ್ ಕೇಳ್ತಿದೆ, ಯಾವುದಕ್ಕೂ ಎಕೋ ಮಾಡಿಸಿಬಿಡಿ" ಎಂದರು. ಮಾಡಿಸಿದ್ದಾಯಿತು. ರಿಪೋರ್ಟಿನಲ್ಲಿ ಎರಡು ಸಾಲು: ಪಿಎಫ್‌ಓ ಇದೆ, ಸಣ್ಣ ಪಿಡಿಎ ಇದೆ. ಅದರ ಅರ್ಥ ಹೇಳಲು ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಮಗುವಿನ ಅಪ್ಪ ಮೊಬೈಲಿನಲ್ಲಿ ಹುಡುಕಿದ. ಹುಡುಕಬಾರದಿತ್ತು. ಸಂಜೆಯೊಳಗೆ "ಕೂಸಿನ ಹಾರ್ಟಲ್ಲಿ ಎರಡು ತೂತಂತೆ" ಎಂಬ ಸುದ್ದಿ ನೆಂಟರಿಷ್ಟರಿಗೆಲ್ಲ ಮುಟ್ಟಿ, ಬಾಣಂತಿ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡು ಕೂತಿದ್ದಳು.

ರಾತ್ರಿ ತಂಗಿ ಫೋನ್ ಮಾಡಿದಳು. "ಅಣ್ಣಾ, ನೀನು ಜೀವಮಾನವೆಲ್ಲ ಅದೇ ಅಲ್ಟ್ರಾಸೌಂಡ್ ಮೆಷಿನ್ ಹಿಡ್ಕೊಂಡು ಕೆಲಸ ಮಾಡ್ದೋನು, ಈ ರಿಪೋರ್ಟ್ ನೋಡಿ ಏನೂಂತ ಹೇಳೋ."

ಅವಳು ಹೇಳಿದ್ದು ಅರ್ಧ ನಿಜ. ನಾನು ಕೆಲಸ ಮಾಡಿದ್ದು ಬಾಯ್ಲರ್ ಕಾರ್ಖಾನೆಯಲ್ಲಿ. ದಪ್ಪ ಉಕ್ಕಿನ ವೆಲ್ಡಿಂಗಿನ ಒಳಗೆ ಬಿರುಕು, ಗಾಳಿಗುಳ್ಳೆ ಇದೆಯಾ ಅಂತ ಅಲ್ಟ್ರಾಸೌಂಡ್ ಪ್ರೋಬಿನಿಂದ ನೋಡುವುದು ನನ್ನ ಕೆಲಸವಾಗಿತ್ತು. ಅವರು ಹೊಟ್ಟೆಗೆ ಜೆಲ್ ಹಚ್ಚುತ್ತಾರೆ, ನಾವು ಕಬ್ಬಿಣಕ್ಕೆ ಗ್ರೀಸು ಹಚ್ಚುತ್ತಿದ್ದೆವು, ಅಷ್ಟೇ. ಆದರೆ ಕೂಸಿನ ಹೃದಯದ ಬಗ್ಗೆ ನನಗೇನು ಗೊತ್ತು?

ಮರುದಿನ ಬೆಳಿಗ್ಗೆ ಮಕ್ಕಳ ಹೃದ್ರೋಗ ತಜ್ಞರೊಬ್ಬರು ಬಂದರು. ವಯಸ್ಸಾದವರು. ರಿಪೋರ್ಟು ನೋಡಿ, ಮಗುವನ್ನು ನೋಡಿ, ಎರಡೇ ನಿಮಿಷದಲ್ಲಿ "ಹುಟ್ಟಿ ಇಪ್ಪತ್ತು ಗಂಟೆಗೆ ಎಕೋ ಮಾಡಿದ್ದಾರೆ. ಆಗ ಇವೆರಡೂ ಕಾಣೋದು ಸಹಜ. ಮನೆಗೆ ಕರ್ಕೊಂಡು ಹೋಗಿ, ಮೂರು ತಿಂಗಳಿಗೆ ಒಂದ್ಸಲ ತೋರಿಸಿ" ಅಂದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಹುಳ ಹೊಕ್ಕಿತು. ನಮ್ಮ ಕಸುಬಿನಲ್ಲಿ ಒಂದು ನಿಯಮ ಇದೆ. ಯಾವ ವೆಲ್ಡನ್ನೂ ಪರೀಕ್ಷಿಸುವ ಮೊದಲು ಒಂದು ದೋಷವಿಲ್ಲದ, ಅಳತೆ ಗೊತ್ತಿರುವ ಉಕ್ಕಿನ ತುಂಡಿನ ಮೇಲೆ ಪ್ರೋಬ್ ಇಟ್ಟು ಮೆಷಿನ್ನನ್ನು ಹೊಂದಿಸಿಕೊಳ್ಳಬೇಕು. ಅದಕ್ಕೆ ಕ್ಯಾಲಿಬ್ರೇಶನ್ ಬ್ಲಾಕ್ ಅಂತೀವಿ. ಅದಿಲ್ಲದೆ ಪರದೆಯ ಮೇಲೆ ಬಂದದ್ದು ದೋಷವೋ ಅಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾದರೆ ಇಪ್ಪತ್ತು ಗಂಟೆಯ ಕೂಸಿನ ಹೃದಯಕ್ಕೆ ಬ್ಲಾಕ್ ಯಾವುದು? ಏನೂ ಕಾಯಿಲೆ ಇಲ್ಲದ ಕೂಸಿನ ಎದೆಯೊಳಗೆ ಮೊದಲು ಇಣುಕಿದವರು ಯಾರು, ಯಾಕೆ ಇಣುಕಿದರು, ಯಾರು ಬಿಟ್ಟರು?

ಡಾಕ್ಟರನ್ನೇ ಕೇಳಿದೆ. ನಕ್ಕು "ಸ್ವೀಡನ್ನಿನ ಲುಂಡ್ ಅಂತ ಒಂದೂರಿದೆ, ಅಲ್ಲಿಂದ ಶುರು ಮಾಡಿ" ಅಂದರು. ರಿಟೈರಾದವನಿಗೆ ಇನ್ನೇನು ಕೆಲಸ, ಶುರು ಮಾಡಿದೆ.

* * *

ಮೊದಲು ಆ ಎರಡು 'ತೂತು'ಗಳ ವಿಷಯ ಹೇಳಿಬಿಡುತ್ತೇನೆ. ಹೊಟ್ಟೆಯೊಳಗಿರುವ ಮಗು ಉಸಿರಾಡುವುದಿಲ್ಲ, ಅದರ ಶ್ವಾಸಕೋಶದಲ್ಲಿ ನೀರು ತುಂಬಿರುತ್ತದೆ. ಪ್ರಾಣವಾಯು ಬರುವುದು ಹೊಕ್ಕುಳಬಳ್ಳಿಯಿಂದ. ಹಾಗಾಗಿ ರಕ್ತವೆಲ್ಲ ಶ್ವಾಸಕೋಶಕ್ಕೆ ಹೋಗುವುದು ದಂಡ. ಅದಕ್ಕೆ ಎರಡು ಅಡ್ಡದಾರಿ ಇರುತ್ತವೆ. ಒಂದು, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಮುಚ್ಚಳದಂಥ ಕಿಂಡಿ. ಇನ್ನೊಂದು, ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಿಂದ ಮಹಾಪಧಮನಿಗೆ ಸೇರುವ ಒಂದು ಕೊಳವೆ. ಹುಟ್ಟಿದ ಮೇಲೂ ಕಿಂಡಿ ತೆರೆದಿದ್ದರೆ ಪಿಎಫ್‌ಓ, ಕೊಳವೆ ತೆರೆದಿದ್ದರೆ ಪಿಡಿಎ. ಇವು ಹೊಸ ಸಂಗತಿಯೇನಲ್ಲ. ಎರಡನೇ ಶತಮಾನದ ಗ್ಯಾಲೆನ್‌ಗೇ ಇವು ಗೊತ್ತಿದ್ದವು. 1628ರಲ್ಲಿ ರಕ್ತ ಪರಿಚಲನೆಯ ಪುಸ್ತಕ ಬರೆದ ವಿಲಿಯಂ ಹಾರ್ವೆಯೂ ಇವುಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ.

ಆದರೆ ಅವರಿಗೆ ಗೊತ್ತಿದ್ದದ್ದು ಸತ್ತ ದೇಹದಿಂದ. ಜೀವಂತ ಕೂಸು ಮೊದಲ ಉಸಿರು ಎಳೆದ ಕ್ಷಣದಿಂದ ಒಳಗೆ ಏನೇನು ಬದಲಾಗುತ್ತದೆ, ಯಾವ ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತದೆ, ಇದನ್ನು ನೋಡುವುದು ಹೇಗೆ? 1944ರಲ್ಲಿ ಆಕ್ಸ್‌ಫರ್ಡಿನ ಬಾರ್ಕ್ಲೇ, ಫ್ರಾಂಕ್ಲಿನ್, ಪ್ರಿಚರ್ಡ್ ಎಂಬ ಮೂವರು ಕುರಿಮರಿಗಳಲ್ಲಿ ಎಕ್ಸ್-ರೇ ಸಿನಿಮಾ ತೆಗೆದು ನೋಡಿದ್ದನ್ನು ಪುಸ್ತಕವಾಗಿ ತಂದರು. ಕುರಿಮರಿ ಸರಿ. ಮನುಷ್ಯರ ಮರಿ?

ಅಲ್ಲಿಂದ ಮುಂದಿನ ಇಪ್ಪತ್ತು ವರ್ಷದ ಕಥೆ ಓದುವಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. 1929ರಲ್ಲಿ ಜರ್ಮನಿಯ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನ ತೋಳಿನ ರಕ್ತನಾಳದಿಂದ ತನ್ನದೇ ಹೃದಯದವರೆಗೆ ಸಪೂರ ನಳಿಕೆ ತೂರಿಸಿಕೊಂಡಿದ್ದ. ಅದು ಕೆಥೆಟರ್ ವಿದ್ಯೆಯ ಆರಂಭ, 1956ರಲ್ಲಿ ಅದಕ್ಕೇ ಅವನಿಗೆ ನೊಬೆಲ್ ಪಾಲು ಬಂತು. ಅವನು ತೂರಿಸಿಕೊಂಡದ್ದು ತನಗೇ. ಐವತ್ತು ಅರವತ್ತರ ದಶಕದಲ್ಲಿ ಅದೇ ನಳಿಕೆ ಕೂಸುಗಳ ಹೃದಯಕ್ಕೂ ಹೋಯಿತು. ಕಾಯಿಲೆಯ ಕೂಸುಗಳಿಗೆ ಮಾತ್ರ ಅಲ್ಲ. 'ನಾರ್ಮಲ್' ಎಷ್ಟು ಎಂದು ತಿಳಿಯಬೇಕಲ್ಲ? 1964ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ಪ್ರಕಟಿಸಿದ ಪ್ರಬಂಧದ ಹೆಸರೇ, ಹುಟ್ಟಿದಾಗಿನಿಂದ ಮೂರು ದಿನದವರೆಗೆ ನವಜಾತ ಶಿಶುಗಳ ಶ್ವಾಸಕೋಶದ ರಕ್ತನಾಳದ ಒತ್ತಡದ ಬದಲಾವಣೆಗಳು ಎಂಬ ಅರ್ಥದ್ದು. ಆ ಒತ್ತಡ ಅಳೆಯಲು ಆಗ ಇದ್ದದ್ದು ಒಂದೇ ದಾರಿ, ನಳಿಕೆಯನ್ನು ಹೃದಯದ ಮೂಲಕ ಅಲ್ಲಿಯವರೆಗೆ ದೂಡುವುದು. ಯಾವ ರೋಗವೂ ಇಲ್ಲದ, ಒಂದೆರಡು ದಿನದ ಕೂಸಿಗೆ!

ಇದನ್ನು ಪ್ರಶ್ನಿಸಿದವರೂ ಇದ್ದರು. 1966ರಲ್ಲಿ ಹಾರ್ವರ್ಡಿನ ಹೆನ್ರಿ ಬೀಚರ್ ಅನೈತಿಕ ಎನಿಸಿದ 22 ವೈದ್ಯಕೀಯ ಪ್ರಯೋಗಗಳನ್ನು ಒಂದು ಲೇಖನದಲ್ಲಿ ಎತ್ತಿ ತೋರಿಸಿದ. ಅದರಲ್ಲಿ ಒಂದು, 48 ಗಂಟೆಯೂ ತುಂಬದ 26 ಆರೋಗ್ಯವಂತ ಶಿಶುಗಳದು. ಅದು ಹೃದಯದ ಪ್ರಯೋಗ ಅಲ್ಲ, ಮೂತ್ರಕೋಶಕ್ಕೆ ನಳಿಕೆ ಹಾಕಿ ಎಕ್ಸ್-ರೇ ತೆಗೆದದ್ದು. ಆದರೆ ಪ್ರಶ್ನೆ ಅದೇ. ಮರುವರ್ಷ ಲಂಡನ್ನಿನ ವೈದ್ಯ ಮಾರಿಸ್ ಪ್ಯಾಪ್‌ವರ್ತ್ ಇಂಥವನ್ನೆಲ್ಲ ಒಟ್ಟು ಮಾಡಿ ಪುಸ್ತಕವನ್ನೇ ಬರೆದ, ಶಿಶುಗಳ ಮೇಲಿನ ಪ್ರಯೋಗಗಳೂ ಅದರಲ್ಲಿದ್ದವು. ವೃತ್ತಿಬಾಂಧವರು ಅವನನ್ನು ಹತ್ತಿರ ಸೇರಿಸಲಿಲ್ಲ.

ನಾನು ಇಲ್ಲಿ ಯಾರನ್ನೂ ಖಳನಾಯಕ ಮಾಡಲು ಹೊರಟಿಲ್ಲ. ಆ ನಳಿಕೆಗಳಿಂದ ಬಂದ ಅಂಕಿಗಳೇ ಮುಂದೆ ಎಷ್ಟೋ ನೀಲಿಗಟ್ಟಿದ ಮಕ್ಕಳನ್ನು ಉಳಿಸಲು ಬೇಕಾದವು, ಸುಳ್ಳಲ್ಲ. ಆದರೆ ನಮ್ಮ ತಂಗಿಯ ಮಗಳು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದ ಆ ಮಗುವನ್ನು ನೋಡಿದವನಿಗೆ, ಅದಕ್ಕೆ ಸುಮ್ಮನೆ ತಿಳಿದುಕೊಳ್ಳಲೆಂದು ನಳಿಕೆ ಹಾಕುತ್ತೇವೆ ಅಂದರೆ ಹೂಂ ಅನ್ನಲು ನಾಲಿಗೆ ಹೊರಳುವುದಿಲ್ಲ.

* * *

ಈಗ ಲುಂಡ್‌ಗೆ ಬರೋಣ. ಇದು ನನ್ನ ಕಸುಬಿನವರ ಕಥೆ, ಸ್ವಲ್ಪ ಹೆಚ್ಚು ಮಾತಾಡಿದರೆ ಕ್ಷಮಿಸಿ.

ಇಂಗೆ ಎಡ್ಲರ್ ಲುಂಡ್ ಆಸ್ಪತ್ರೆಯ ಹೃದ್ರೋಗ ವೈದ್ಯ. ಅವನ ತಲೆನೋವು ಕೂಸುಗಳಲ್ಲ, ದೊಡ್ಡವರು. ರೂಮ್ಯಾಟಿಕ್ ಜ್ವರದಿಂದ ಹೃದಯದ ಎಡಗಡೆಯ ಮೈಟ್ರಲ್ ಕವಾಟ ಹಾಳಾದವರು (ನಮ್ಮ ದೇಶದಲ್ಲಿ ಈ ಕಾಯಿಲೆ ಎಷ್ಟು ಮನೆ ಹಾಳು ಮಾಡಿದೆಯೋ ಲೆಕ್ಕವಿಲ್ಲ). ಕವಾಟ ಬಿಗಿಯಾಗಿದ್ದರೆ ಆಪರೇಶನ್ನಿನಿಂದ ಲಾಭ, ಸೋರುತ್ತಿದ್ದರೆ ಅದೇ ಆಪರೇಶನ್ನಿನಿಂದ ನಷ್ಟ. ಎರಡರಲ್ಲಿ ಯಾವುದು ಎಂದು ಎದೆ ಕೊಯ್ಯುವ ಮೊದಲು ಹೇಳುವುದು ಕಷ್ಟವಾಗಿತ್ತು. ಯುದ್ಧದಲ್ಲಿ ವಿಮಾನ ಪತ್ತೆ ಹಚ್ಚಿದ ರಾಡಾರ್‌ನಿಂದ ಹೃದಯವನ್ನು ನೋಡಬಹುದೇ ಎಂದು ಅವನು ಕೇಳಿದ್ದು ಕಾರ್ಲ್ ಹೆಲ್ಮುಟ್ ಹರ್ಟ್ಸ್ ಎಂಬ ಭೌತಶಾಸ್ತ್ರಜ್ಞನನ್ನು. ಹರ್ಟ್ಸ್ ಹೇಳಿದ: ರಾಡಾರ್ ಆಗುವುದಿಲ್ಲ, ಅಲ್ಟ್ರಾಸೌಂಡ್ ಆದೀತು.

ಈ ಹರ್ಟ್ಸ್ ಯಾರು ಗೊತ್ತಾ? ಅಪ್ಪ ಗುಸ್ತಾವ್ ಹರ್ಟ್ಸ್ ನೊಬೆಲ್ ಪಡೆದವನು. ಗುಸ್ತಾವನ ಚಿಕ್ಕಪ್ಪ-ದೊಡ್ಡಪ್ಪಂದಿರಲ್ಲಿ ಒಬ್ಬ ಹೈನ್ರಿಚ್ ಹರ್ಟ್ಸ್. ನಾನು ಸರ್ವಿಸಿನುದ್ದಕ್ಕೂ ಪ್ರೋಬುಗಳ ಮೇಲೆ ಎರಡು ಮೆಗಾಹರ್ಟ್ಸ್, ನಾಲ್ಕು ಮೆಗಾಹರ್ಟ್ಸ್ ಅಂತ ಓದುತ್ತಿದ್ದೆನಲ್ಲ, ಅದು ಇವರ ಮನೆತನದ ಹೆಸರು. ಇದು ತಿಳಿದ ದಿನ ಹೆಂಡತಿಗೆ ಹೇಳಿದರೆ "ಓಹೋ" ಅಂದು ಕುಕ್ಕರ್ ಇಡಲು ಹೋದಳು.

1953ರ ಮೇ ತಿಂಗಳಲ್ಲಿ ಇವರು ಹೋದದ್ದು ಮಾಲ್ಮೊ ಊರಿನ ಕೊಕುಮ್ಸ್ ಎಂಬ ಹಡಗು ಕಾರ್ಖಾನೆಗೆ! ಅಲ್ಲಿ ಹಡಗಿನ ಉಕ್ಕಿನಲ್ಲಿ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರ ಇತ್ತು. ಅಂದರೆ ನನ್ನ ಯಂತ್ರದ ಅಜ್ಜ. ಹರ್ಟ್ಸ್ ಅದರ ಪ್ರೋಬನ್ನು ತನ್ನ ಎದೆಗೇ ಇಟ್ಟುಕೊಂಡ. ಪರದೆಯ ಮೇಲೆ ಒಂದು ಗೆರೆ ಹೃದಯದ ಬಡಿತಕ್ಕೆ ತಕ್ಕಂತೆ ಹಿಂದೆ ಮುಂದೆ ಕುಣಿಯಿತು. ಉಕ್ಕಿನಲ್ಲಿ ಗೆರೆ ಯಾವತ್ತೂ ಕುಣಿಯುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ. ಆ ಕ್ಷಣ ಅವನಿಗೆ ಹೇಗಾಗಿರಬೇಕು ಎಂದು ನನ್ನಂಥವನಿಗೆ ಚೆನ್ನಾಗಿ ಗೊತ್ತಾಗುತ್ತದೆ. ಗುಸ್ತಾವ್ ಹಿಂದೆ ಸೀಮೆನ್ಸ್ ಕಂಪನಿಯ ಸಂಶೋಧನಾಲಯದ ಮುಖ್ಯಸ್ಥನಾಗಿದ್ದ. ಆ ಪರಿಚಯದ ಮೇಲೆ ಜರ್ಮನಿಯ ಸೀಮೆನ್ಸ್‌ನಿಂದ ಒಂದು ಯಂತ್ರ ಎರವಲು ಸಿಕ್ಕಿತು. 1953ರ ಅಕ್ಟೋಬರ್ 29ರಂದು ಹೃದಯದ ಕುಣಿತ ಮೊದಲ ಬಾರಿ ಫಿಲ್ಮಿನ ಮೇಲೆ ದಾಖಲಾಯಿತು. ಅಂಥ ದಾಖಲೆಗೆ ಆಮೇಲೆ ಎಂ-ಮೋಡ್ ಎಂದು ಹೆಸರಾಯಿತು. ಚಿತ್ರ ಅಂತೇನೂ ಇರಲಿಲ್ಲ, ಒಂದೇ ಗೆರೆಯ ಉದ್ದಕ್ಕೂ ಯಾವ ಗೋಡೆ, ಯಾವ ಕವಾಟ ಹೇಗೆ ಅಲುಗುತ್ತದೆ ಎನ್ನುವ ಅಲೆಅಲೆಯಾದ ರೇಖೆಗಳು.

ಮೊದಮೊದಲು ಯಾವ ಅಲೆ ಯಾವುದರದು ಎಂದು ಎಡ್ಲರ್‌ಗೂ ಸರಿಯಾಗಿ ತಿಳಿಯಲಿಲ್ಲ. ಎಡ ಮೇಲ್ಕೋಣೆಯ ಗೋಡೆ ಅಂದುಕೊಂಡಿದ್ದು ಮೈಟ್ರಲ್ ಕವಾಟದ ಎಸಳು ಎಂದು ಗೊತ್ತಾಗಲು ಮರಣೋತ್ತರ ಪರೀಕ್ಷೆಗಳೇ ಬೇಕಾದವು. ಜಗತ್ತೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದ ನಂತರ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಹಾರ್ವೆ ಫೈಗನ್‌ಬಾಮ್ ಎಂಬ ವೈದ್ಯ ಮಿದುಳಿನ ಪರೀಕ್ಷೆಗೆಂದು ತಂದು ಯಾರೂ ಬಳಸದೆ ಬಿದ್ದಿದ್ದ ಯಂತ್ರವನ್ನು ಹೃದಯಕ್ಕೆ ಹಿಡಿದ ಮೇಲೆ ಈ ವಿದ್ಯೆ ಹಬ್ಬಿತು. ಎಡ್ಲರ್-ಹರ್ಟ್ಸ್ ಜೋಡಿಗೆ 1977ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

* * *

ಕೂಸಿನ ಎದೆಗೆ ಪ್ರೋಬ್ ಬಂದದ್ದು ಎಪ್ಪತ್ತರ ದಶಕದಲ್ಲಿ. 1971ರಲ್ಲಿ ಎಡ್ಲರ್‌ನೇ ತನ್ನ ಊರಿನ ಮಕ್ಕಳ ವೈದ್ಯ ನಿಲ್ಸ್-ರೂನೆ ಲುಂಡ್‌ಸ್ಟ್ರಾಮ್ ಜೊತೆ ಶಿಶುಗಳ ಮತ್ತು ಮಕ್ಕಳ ಅಲ್ಟ್ರಾಸೌಂಡ್ ಬಗ್ಗೆ ಬರೆದ. 1972ರಲ್ಲಿ ಸಿನ್ಸಿನಾಟಿಯ ಮೇಯರ್ ಮತ್ತು ಕಪ್ಲಾನ್, ಹೃದಯದ ಒಂದು ಭಾಗ ಬೆಳೆಯದೇ ಹುಟ್ಟಿದ ಕೂಸುಗಳನ್ನು ಇದರಿಂದ ಗುರುತಿಸಬಹುದು ಎಂದು ತೋರಿಸಿದರು. ಆದರೆ 'ಚಿಕ್ಕದು' ಎನ್ನಲು ಸಾಧಾರಣ ಅಳತೆ ಗೊತ್ತಿರಬೇಕಲ್ಲ, ನನ್ನ ಬ್ಲಾಕಿನ ಪ್ರಶ್ನೆ! ಅದಕ್ಕೆ ಉತ್ತರ 1973ರಲ್ಲಿ ಬಂತು. ಸ್ಯಾನ್ ಡಿಯಾಗೊದ ಹೇಗನ್, ಸಾನ್, ಫ್ರೀಡ್‌ಮನ್ ಮತ್ತು ಸಂಗಡಿಗರು ಒಂದು ಕಡೆ, ಲೂಯಿವಿಲ್‌ನ ಸಾಲಿಂಗರ್ ತಂಡ ಇನ್ನೊಂದು ಕಡೆ, ಇಬ್ಬರೂ 'ಸರ್ಕ್ಯುಲೇಶನ್' ಪತ್ರಿಕೆಯಲ್ಲಿ ಆರೋಗ್ಯವಂತ ನವಜಾತ ಶಿಶುಗಳ ಅಳತೆಗಳನ್ನು ಪ್ರಕಟಿಸಿದರು.

ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುವು ಇದೇ. 1964ರಲ್ಲಿ ನಳಿಕೆ ಹಾಕಿ ಕೇಳಿದಂಥ ಪ್ರಶ್ನೆಯನ್ನು 1973ರಲ್ಲಿ ಎದೆಗೊಂದು ಬೆರಳುದ್ದದ ಪ್ರೋಬ್ ಇಟ್ಟು ಕೇಳಿದರು. ಸೂಜಿ ಇಲ್ಲ, ಎಕ್ಸ್-ರೇ ಇಲ್ಲ, ಮಗು ನಿದ್ದೆ ಮಾಡುತ್ತಿದ್ದರೂ ಸರಿ, ಹಾಲು ಕುಡಿಯುತ್ತಿದ್ದರೂ ಸರಿ. ಒಂದು ತಾಯಿ "ಆಗಲಿ, ನೋಡಿ" ಅನ್ನಬಹುದಾದ ಪರೀಕ್ಷೆ. ಕೂಸಿನ ಹೃದಯ ಅದರ ಮುಷ್ಟಿಯಷ್ಟೇ ಇರುತ್ತದೆ, ನಿಮಿಷಕ್ಕೆ 120ರಿಂದ 160 ಸಲ ಬಡಿಯುತ್ತದೆ. ದೊಡ್ಡವರ ಪ್ರೋಬ್ ನಡೆಯುವುದಿಲ್ಲ, ಚಿಕ್ಕದಾಗಿ, ಹೆಚ್ಚು ಮೆಗಾಹರ್ಟ್ಸಿನದು ಬೇಕು. ಆದರೆ ಎದೆ ತೆಳ್ಳಗಿರುವುದರಿಂದ ಶಬ್ದ ದೂರ ಹೋಗಬೇಕಿಲ್ಲ, ಅದೊಂದು ಅನುಕೂಲ. ತೆಳು ತಗಡಿಗೆ ನಾವೂ ಹಾಗೇ ಮಾಡುತ್ತಿದ್ದೆವು.

ಆರೋಗ್ಯವಂತ ಕೂಸುಗಳನ್ನು ನೋಡತೊಡಗಿದ ಮೇಲೆ ತಿಳಿದದ್ದು, ಕೂಸು ಎಂದರೆ ಚಿಕ್ಕ ಗಾತ್ರದ ದೊಡ್ಡವರಲ್ಲ ಎಂಬುದು. ನಮ್ಮಲ್ಲಿ ಹೃದಯದ ಎಡಗಡೆ ಯಜಮಾನ, ಬಲಗಡೆ ಪಾಪದ್ದು. ಆಗಷ್ಟೇ ಹುಟ್ಟಿದ ಕೂಸಿನಲ್ಲಿ ಬಲಗಡೆಯೂ ಅಷ್ಟೇ ದಪ್ಪ, ಅಷ್ಟೇ ಜೋರು, ಯಾಕೆಂದರೆ ಹೊಟ್ಟೆಯೊಳಗಿದ್ದಾಗ ಹೆಚ್ಚಿನ ದುಡಿಮೆ ಅದರದ್ದೇ. ಹಾಗಾಗಿ ಮೊದಲ ಕೆಲವು ದಿನ ಎರಡರ ನಡುವಿನ ಗೋಡೆ ಚಪ್ಪಟೆಯಾಗಿರುತ್ತದೆ, ಒಮ್ಮೊಮ್ಮೆ ತಿರುಗಾಮುರುಗಾ ಅಲುಗುತ್ತದೆ. ಎಡಕೋಣೆ ಎಷ್ಟು ಕುಗ್ಗಿತು ಎಂದು ಅಡ್ಡಳತೆ ತೆಗೆದು ಶೇಕಡಾವಾರು ಲೆಕ್ಕ ಹಾಕುವ ದೊಡ್ಡವರ ಸೂತ್ರವನ್ನು ಇಲ್ಲಿ ಕಣ್ಣುಮುಚ್ಚಿ ಹಾಕಿದರೆ ಗಟ್ಟಿಮುಟ್ಟಾದ ಹೃದಯವೂ ಸೋತಂತೆ ಕಾಣಬಹುದು.

ಆಮೇಲೆ ಡಾಪ್ಲರ್ ಬಂತು. ರೈಲು ಹತ್ತಿರ ಬರುವಾಗ ಸೀಟಿಯ ಸ್ವರ ಏರಿ, ದೂರ ಹೋಗುವಾಗ ಇಳಿಯುತ್ತದಲ್ಲ, ಅದೇ ತತ್ವದಿಂದ ರಕ್ತ ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂದು ತಿಳಿಯುವ ಉಪಾಯ. ಐವತ್ತರ ದಶಕದಲ್ಲಿ ಜಪಾನಿನ ಸತೋಮುರ ಇದನ್ನು ಹೃದಯಕ್ಕೆ ಅನ್ವಯಿಸಿದ್ದ. 1981ರಲ್ಲಿ ಸಿಯಾಟಲ್‌ನ ವೈದ್ಯರು ಆರೋಗ್ಯವಂತ ಕೂಸುಗಳ ಆ ಕೊಳವೆ ಯಾವಾಗ ಮುಚ್ಚುತ್ತದೆ ಎಂದು ಡಾಪ್ಲರ್‌ನಿಂದ ಗಂಟೆಗಳ ಲೆಕ್ಕದಲ್ಲಿ ನೋಡಿದರು. ಇಂಥ ಅಧ್ಯಯನಗಳಿಂದ ಸಿಕ್ಕ ಒಟ್ಟು ಚಿತ್ರ ಇದು: ತಿಂಗಳು ತುಂಬಿ ಹುಟ್ಟಿದ ಕೂಸುಗಳಲ್ಲಿ ಮೊದಲ ದಿನ ಬಹಳಷ್ಟಕ್ಕೆ ಕೊಳವೆ ತೆರೆದಿರುತ್ತದೆ, ಎರಡು ಮೂರು ದಿನದಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ಮುಚ್ಚುತ್ತದೆ. ನಮ್ಮ ಮಗುವಿಗೆ ಎಕೋ ಮಾಡಿದ್ದು ಇಪ್ಪತ್ತು ಗಂಟೆಗೆ. ಆ ವಯಸ್ಸಾದ ಡಾಕ್ಟರು ಎರಡೇ ನಿಮಿಷದಲ್ಲಿ ಹೇಳಿದ ಮಾತಿನ ಹಿಂದೆ ಆ ಗಂಟೆಗಳ ಲೆಕ್ಕ ಇತ್ತು.

1982ರಲ್ಲಿ ನ್ಯೂ ಮೆಕ್ಸಿಕೊದ ಆಲ್ವರ್ಸನ್ ತಂಡ ಡಾಪ್ಲರ್‌ನಿಂದಲೇ ಕೂಸಿನ ಹೃದಯ ನಿಮಿಷಕ್ಕೆ ಎಷ್ಟು ರಕ್ತ ಹೊರಹಾಕುತ್ತದೆ ಎಂದು ಅಳೆದು ತೋರಿಸಿತು. ತೂಕದ ಪ್ರತಿ ಕೇಜಿಗೆ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಅಂತಿಟ್ಟುಕೊಳ್ಳಿ. ನಮ್ಮ ಮೂರು ಕೇಜಿಯ ಪುಟ್ಟಣ್ಣ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು! ದೊಡ್ಡವರದು ಕೇಜಿಗೆ 70 ಮಿಲಿಲೀಟರ್ ಆಸುಪಾಸು ಅಷ್ಟೇ. ಬೀಸುಕಲ್ಲು ಚಿಕ್ಕದು, ಹಿಟ್ಟು ಜಾಸ್ತಿ.

ಈ ಅಳತೆ ಸಿಕ್ಕಿದ್ದರಿಂದ ಒಂದು ಹಳೇ ನಂಬಿಕೆ ಬಿದ್ದುಹೋಯಿತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಬಿ.ಪಿ. ಸರಿ ಇದ್ದರೆ ರಕ್ತದ ಹರಿವೂ ಸರಿ ಇರುತ್ತದೆ ಎಂದೇ ತಿಳಿದಿದ್ದರು. ಸಿಡ್ನಿಯ ಮಾರ್ಟಿನ್ ಕ್ಲುಕೋ ಮತ್ತು ನಿಕ್ ಎವನ್ಸ್ 1996ರಲ್ಲಿ, ಉಸಿರಾಟದ ಯಂತ್ರದ ಮೇಲಿದ್ದ ಅಂಥ ಕೂಸುಗಳಲ್ಲಿ ಎರಡಕ್ಕೂ ಇರುವ ನಂಟು ತೀರಾ ಸಡಿಲ ಎಂದು ತೋರಿಸಿದರು. 2000ದಲ್ಲಿ ಮೇಲ್ಭಾಗದ ಮಹಾಸಿರೆಯ ಹರಿವನ್ನು ಅಳೆಯುವ ವಿಧಾನ ತಂದರು. ಅವರೂ ಮೊದಲು ಮಾಡಿದ್ದು ತೊಂದರೆಯಿಲ್ಲದ ಕೂಸುಗಳಲ್ಲಿ ಅಳೆದು ಸಾಧಾರಣ ಎಷ್ಟು ಎಂದು ಗೊತ್ತುಮಾಡಿಕೊಂಡದ್ದು.

* * *

ನಮ್ಮ ಕಸುಬಿನಲ್ಲಿ ಇನ್ನೊಂದು ಮಾತಿದೆ: ಇಂಡಿಕೇಶನ್ ಬೇರೆ, ಡಿಫೆಕ್ಟ್ ಬೇರೆ. ಪರದೆಯ ಮೇಲೆ ಕಂಡದ್ದೆಲ್ಲ ಸೂಚನೆ. ಅದರಲ್ಲಿ ಎಷ್ಟೋ ದೋಷವಲ್ಲ. ಹೊಸದಾಗಿ ಸೇರಿದ ಹುಡುಗರು ಕಂಡದ್ದಕ್ಕೆಲ್ಲ ಕೆಂಪು ಸೀಮೆಸುಣ್ಣ ಹಾಕಿ ಒಳ್ಳೇ ವೆಲ್ಡನ್ನು ಕೊರೆಸಿಬಿಡುತ್ತಿದ್ದರು. ಯಂತ್ರ ಚುರುಕಾದಷ್ಟೂ ಈ ಅಪಾಯ ಹೆಚ್ಚು. ಎಂಬತ್ತರ ದಶಕದ ಆರಂಭದಲ್ಲಿ ಜಪಾನಿನಲ್ಲಿ ರೂಪುಗೊಂಡ ಕಲರ್ ಡಾಪ್ಲರ್ ಬಂದ ಮೇಲೆ ಕೂಸುಗಳಲ್ಲೂ ಹಾಗೇ ಆಯಿತು. ಇಸ್ರೇಲಿನ ನಹಾರಿಯಾ ಊರಿನ ರೋಗಿನ್ ಮತ್ತು ಸಂಗಡಿಗರು ಸಾಲಾಗಿ ಹುಟ್ಟಿದ 1,053 ಕೂಸುಗಳಿಗೆ ಎಕೋ ಮಾಡಿ 1995ರಲ್ಲಿ ಪ್ರಕಟಿಸಿದರು. 56 ಕೂಸುಗಳಿಗೆ ಕೆಳಕೋಣೆಗಳ ನಡುವಿನ ಸ್ನಾಯುಗೋಡೆಯಲ್ಲಿ ನಿಜವಾಗಿಯೂ ಚಿಕ್ಕ ರಂಧ್ರ ಇತ್ತು! ನೂರಕ್ಕೆ ಐದು. ಮುಂದೆ ನೋಡಲು ಸಿಕ್ಕ 45 ಮಕ್ಕಳಲ್ಲಿ 40 ಮಕ್ಕಳದು ಹತ್ತು ತಿಂಗಳೊಳಗೆ ತಾನಾಗಿಯೇ ಮುಚ್ಚಿತ್ತು. ಎಕೋ ಇಲ್ಲದ ಕಾಲದಲ್ಲಿ ಇಂಥ ಮಕ್ಕಳು ಎಷ್ಟು ಹುಟ್ಟಿ, ಯಾರಿಗೂ ಗೊತ್ತಿಲ್ಲದೆ ಬೆಳೆದು, ಶಾಲೆಗೆ ಹೋಗಿ, ಮರ ಹತ್ತಿ ಬಿದ್ದು, ಮೊಮ್ಮಕ್ಕಳನ್ನು ಕಂಡಿದ್ದಾರೋ!

ಹಾಗಂತ ಎಕೋ ಬೇಡ ಎನ್ನುತ್ತಿಲ್ಲ. ಆ ಕೊಳವೆ ಮುಚ್ಚಿದೊಡನೆ ಪ್ರಾಣಕ್ಕೇ ಬರುವ ಹೃದಯದೋಷಗಳೂ ಇವೆ. ಅವು ಮೊದಲ ದಿನ ಹೊರಗೆ ಏನೂ ತೋರಿಸದೆ ಇರಬಹುದು. ಎಪ್ಪತ್ತರ ದಶಕದ ನಡುವೆ ಕೊಳವೆಯನ್ನು ತೆರೆದಿಡುವ ಔಷಧವೂ, 1976ರಲ್ಲಿ ಮುಚ್ಚಿಸುವ ಔಷಧವೂ ಬಂದ ಮೇಲಂತೂ ಒಳಗೆ ಏನಿದೆ ಎಂದು ಸರಿಯಾಗಿ ಓದುವುದು ಸಾವು ಬದುಕಿನ ಪ್ರಶ್ನೆಯೇ ಆಯಿತು. ಓದಲು ಬರಬೇಕು, ಅಷ್ಟೇ. ಓದಿದ್ದನ್ನು ತಾಯಿಗೆ ಎರಡು ಮಾತಿನಲ್ಲಿ ಹೇಳಲೂ ಬರಬೇಕು. ನಮ್ಮ ಮನೆಯ ಆ ರಾತ್ರಿಯ ಅಳುವಿಗೆ ಯಂತ್ರ ಕಾರಣವಲ್ಲ.

ನಮ್ಮಲ್ಲಿ ಅಲ್ಟ್ರಾಸೌಂಡ್ ಎಂದೊಡನೆ ನೆನಪಾಗುವುದು "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ" ಎಂಬ ಬೋರ್ಡು. 1994ರ ಕಾನೂನು ಬಂದದ್ದು ನಾವೇ ಮಾಡಿಕೊಂಡ ಪಾಪಕ್ಕೆ. ಅದೇ ಶಬ್ದ ಡೆನ್ಮಾರ್ಕಿನಲ್ಲಿ ಏನು ಮಾಡಿತು ನೋಡಿ. 2016ರಿಂದ 2018ರವರೆಗೆ ಕೋಪನ್‌ಹೇಗನ್ ಸುತ್ತಮುತ್ತ ಹುಟ್ಟಿದ ಸುಮಾರು 25 ಸಾವಿರ ಕೂಸುಗಳಿಗೆ ಎಕೋ ಮಾಡಿದರು. ಕಾಯಿಲೆ ಇದೆಯೆಂದಲ್ಲ, ಹುಟ್ಟಿದ್ದಾರೆಂದು. ಮೂರು ಎಸಳಿರಬೇಕಾದ ಮಹಾಪಧಮನಿಯ ಕವಾಟ ಎರಡೇ ಎಸಳಿನದಾಗಿರುವುದು ನೂರಕ್ಕೆ 0.77 ಕೂಸುಗಳಲ್ಲಿ ಎಂದು ಅದರಿಂದ ಲೆಕ್ಕ ಸಿಕ್ಕಿತು. ಅಷ್ಟು ತಾಯಂದಿರು ಒಪ್ಪಿ ಮಗುವಿನ ಎದೆ ತೆರೆದು ತೋರಿಸಿದರು. 1964ರಲ್ಲಿ ಅಷ್ಟು ಜನ ಯಾಕೆ, ಅದರ ನೂರರಲ್ಲೊಂದು ಪಾಲು ಒಪ್ಪುತ್ತಿದ್ದರೇ?

ನಮ್ಮ ಪುಟ್ಟಣ್ಣನನ್ನು ಮೂರು ತಿಂಗಳಿಗೆ ಮತ್ತೆ ಕರೆದುಕೊಂಡು ಹೋದೆವು. ನಾನೂ ಹೋಗಿದ್ದೆ, ಪರದೆ ನೋಡುವ ಆಸೆಗೆ. ಡಾಕ್ಟರು ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಚ್ಚಿದರು. ಮಗು ಬಾಟಲಿ ಚೀಪುತ್ತ ನನ್ನನ್ನೇ ನೋಡುತ್ತಿತ್ತು. ಕೊಳವೆ ಮುಚ್ಚಿತ್ತು. ಕಿಂಡಿ ಇನ್ನೂ ಚೂರು ತೆರೆದಿತ್ತು. "ಇದಕ್ಕೆ ಏನೂ ಮಾಡೋದು ಬೇಡ, ದೊಡ್ಡವರಲ್ಲೂ ನಾಲ್ಕರಲ್ಲಿ ಒಬ್ಬರಿಗೆ ಇದು ಮುಚ್ಚಿರೋದಿಲ್ಲ" ಅಂದರು. ಮನೆಗೆ ಬಂದು ನೋಡಿದರೆ ನಿಜ, 1984ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಮರಣೋತ್ತರ ಪರೀಕ್ಷೆಯ 965 ಹೃದಯಗಳನ್ನು ನೋಡಿ ಶೇಕಡ 27ರಲ್ಲಿ ಈ ಕಿಂಡಿ ಕಂಡಿದ್ದರು.

ಇದನ್ನು ತಂಗಿಗೆ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಣ್ಣಾ, ನಿಂದು ಮುಚ್ಚಿದೆಯೋ ಇಲ್ವೋ?" ಅಂತ ಕೇಳಿದಳು.

ನೋಡಿಸಿಕೊಂಡಿಲ್ಲ :)